ಒಂದು ಸ್ಕ್ರೂ ಬಾಬ್ತು

ನಮ್ಮ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿದ್ದು ಮೇ ತಿಂಗಳ ಕೊನೆಯಲ್ಲಿ, ಬಕ್ರೀದ್‌ಗೆ ಇನ್ನು ಹತ್ತು ದಿನ ಇರುವಾಗ.

ಅಜ್ಜಂಪುರದಲ್ಲಿ ನಮ್ಮ ಅಬ್ಬಾ ಸಣ್ಣದೊಂದು ಝೆರಾಕ್ಸ್ ಅಂಗಡಿ ನಡೆಸುತ್ತಾರೆ. ಝೆರಾಕ್ಸ್ ಎನ್ನುವುದು ಬೋರ್ಡಿನ ಮೇಲಿನ ಹೆಸರು ಅಷ್ಟೆ. ಮನೆ ನಡೆಯುವುದು ಆನ್‌ಲೈನ್ ಅರ್ಜಿಗಳಿಂದ. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್, ಕಾಲೇಜು ಪ್ರವೇಶ. ರೈತರಿಗೆ ಈರುಳ್ಳಿ ಕೀಳುವ ಕಾಲ ಹೇಗೋ ನಮಗೆ ಮೇ-ಜೂನ್ ಹಾಗೆ. ಆ ಎರಡು ತಿಂಗಳ ದುಡಿಮೆಯೇ ವರ್ಷದ ಅರ್ಧ.

ಅಂದು ಬೆಳಿಗ್ಗೆ ಅಬ್ಬಾ ಸ್ವಿಚ್ ಒತ್ತಿದರು. ಸಿಪಿಯು ಡಬ್ಬಿಯೊಳಗೆ ಫ್ಯಾನ್ ಅರ್ಧ ಸುತ್ತು ಅಲುಗಿ ನಿಂತಿತು. ಮತ್ತೆ ಒತ್ತಿದರೆ ಅದೂ ಇಲ್ಲ. ಗೋಡೆಯ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಅರ್ಧ ಸುತ್ತು. ಹಿಂದಿನ ರಾತ್ರಿ ಗುಡುಗು ಸಹಿತ ಮಳೆ ಬಂದು ಎರಡು ಸಲ ಕರೆಂಟ್ ಹೋಗಿತ್ತು. "ಸಿಡಿಲಿಗೆ ಹೋಯ್ತು" ಎಂದರು ಅಬ್ಬಾ. ಪಕ್ಕದ ಟೀ ಅಂಗಡಿಯವರೂ ಹೌದೆಂದರು. ಅಲ್ಲೇ ನಿಂತಿದ್ದ ನಾನು ಏನೂ ಹೇಳಲಿಲ್ಲ.

ಹೇಳಬೇಕಾದದ್ದು ಇತ್ತು. ಮೂರು ದಿನ ಮುಂಚೆ ಹಬ್ಬಕ್ಕೆಂದು ಅಮ್ಮಿ ಮನೆ ತೊಳೆಯುತ್ತಿದ್ದರು. ಅಂಗಡಿ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಿಪಿಯುವಿನ ಫ್ಯಾನ್ ಕೆಲವು ದಿನಗಳಿಂದ ಕರಕರ ಎನ್ನುತ್ತಿತ್ತು. ಅಬ್ಬಾ ಜುಮಾ ನಮಾಜಿಗೆ ಹೋದಾಗ ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಪೇಂಟಿಂಗ್ ಬ್ರಷ್‌ನಿಂದ ಧೂಳು ತೆಗೆದೆ. ಫ್ಯಾನ್‌ನ ಸಂದಿ ಸಿಗಲೆಂದು ಹಾರ್ಡ್ ಡಿಸ್ಕ್‌ನ ಸ್ಕ್ರೂಗಳನ್ನೂ ಬಿಚ್ಚಿದೆ. ತಿರುಗಿ ಹಾಕುವಾಗ ಒಂದು ಸ್ಕ್ರೂ ಬೆರಳಿನಿಂದ ಜಾರಿ ಒಳಗೆ ಬಿತ್ತು. ಡಬ್ಬಿಯನ್ನು ಅಲುಗಾಡಿಸಿದೆ, ಬಗ್ಗಿಸಿದೆ, ಬರಲಿಲ್ಲ. ಅಬ್ಬಾ ಬರುವ ಹೊತ್ತಾಯಿತೆಂದು ಮೂರೇ ಸ್ಕ್ರೂಗೆ ಮುಚ್ಚಿಟ್ಟೆ. ಆನ್ ಮಾಡಿದರೆ ಚೆನ್ನಾಗಿಯೇ ಓಡಿತು. ಶನಿವಾರ, ಭಾನುವಾರ ಎರಡೂ ದಿನ ಓಡಿತು. ಹಾಗಾಗಿ ಸ್ಕ್ರೂ ಎಲ್ಲೋ ಹೊರಗೇ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಸಂಜೆ ಅಬ್ಬಾ ಗೋಡೆಗೆ ಸುಣ್ಣ ಬಳಿಯಲು ಟೇಬಲ್ ಎಳೆದು ಸಿಪಿಯುವನ್ನು ಮತ್ತೊಂದು ಮೂಲೆಗೆ ಇಟ್ಟರು. ರಾತ್ರಿ ಮಳೆ. ಬೆಳಿಗ್ಗೆ ಹೀಗೆ.

ನನ್ನ ಹೊಟ್ಟೆಯಲ್ಲಿ ಇನ್ನೊಂದು ಭಯವೂ ಇತ್ತು. ಕಳೆದ ವರ್ಷ ಕಾಮರ್ಸ್ ಸೇರಿದ ಉತ್ಸಾಹದಲ್ಲಿ, "ಅಬ್ಬಾ, ಈ ಉದ್ರಿ ಪುಸ್ತಕ ಬಿಡಿ, ಎಲ್ಲಾ ನಾನು ಎಕ್ಸೆಲ್‌ನಲ್ಲಿ ಹಾಕಿಕೊಡುತ್ತೇನೆ" ಎಂದಿದ್ದೆ. ಹನ್ನೊಂದು ತಿಂಗಳ ಉದ್ರಿ ಲೆಕ್ಕ ಈಗ ಅದರೊಳಗೇ ಇತ್ತು. ಪೆನ್ ಡ್ರೈವ್‌ಗೆ ಒಂದು ಪ್ರತಿ ಹಾಕಿಡಬೇಕೆಂದು ನನಗೆ ಹೊಳೆದಿರಲಿಲ್ಲ.

ಮರುದಿನ ಸಿಪಿಯುವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅಬ್ಬಾ ಮತ್ತು ನಾನು ಬೀರೂರು ದಾರಿಯ ಬಸ್ಸಿನಲ್ಲಿ ಕಡೂರಿಗೆ ಹೋದೆವು. ನನಗೆ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಯ ಫೀಸು ಕಟ್ಟುವುದಿತ್ತು. ರಿಪೇರಿ ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ. ಏನಾಯ್ತು? ಸಿಡಿಲು ಎಂದರು ಅಬ್ಬಾ. ಯಾರಾದರೂ ಬಿಚ್ಚಿದ್ದರಾ? ಅಬ್ಬಾ ನನ್ನ ಮುಖ ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಅವರು ಸ್ವಿಚ್ ಒತ್ತಿ ಫ್ಯಾನ್ ಅಲುಗಿ ನಿಲ್ಲುವುದನ್ನು ನೋಡಿದರು. ಬೇರೊಂದು ಪವರ್ ಸಪ್ಲೈ ಹಾಕಿ ನೋಡಿದರು. ಅದೇ ಕಥೆ. "ಬೋರ್ಡ್ ಹೋಗಿದೆ. ಈ ಮಾಡೆಲ್ ಈಗ ಬರಲ್ಲ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದು ಹಾಕಬೇಕು, ಒಂಬತ್ತು ಸಾವಿರ ಆಗುತ್ತೆ" ಎಂದು ತಪಾಸಣೆಗೆ 150 ರೂಪಾಯಿ ತೆಗೆದುಕೊಂಡರು. ಅವರನ್ನು ನಾನು ದೂರುವುದಿಲ್ಲ. ಸಿಡಿಲು ಹೊಡೆದಿದೆ, ಯಾರೂ ಬಿಚ್ಚಿಲ್ಲ ಎಂದು ಕೇಳಿದ ಮೇಲೆ ಯಾರಾದರೂ ಅದನ್ನೇ ಹೇಳುತ್ತಿದ್ದರು. ಹೊಟ್ಟೆನೋವಿನ ರೋಗಿ ತಿಂದದ್ದನ್ನು ಮುಚ್ಚಿಟ್ಟರೆ ಡಾಕ್ಟರ್ ಏನು ಮಾಡುತ್ತಾರೆ?

ವಾಪಸ್ ಬರುವಾಗ ಅಬ್ಬಾ ಬಸ್ಸಿನ ಕಿಟಕಿಯ ಕಡೆ ತಿರುಗಿ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ನನಗೆ ಗೊತ್ತಿತ್ತು. ಮನೆಯಲ್ಲಿ ಅಷ್ಟು ದುಡ್ಡು ಇದ್ದದ್ದು ಒಂದೇ ಕಡೆ, ಬಕ್ರೀದ್‌ಗೆಂದು ಅಮ್ಮಿ ಎತ್ತಿಟ್ಟ ಡಬ್ಬಿಯಲ್ಲಿ. ಅದರಲ್ಲಿ ಅಮ್ಮಿ ಬ್ಲೌಸ್ ಹೊಲಿದು ಸೇರಿಸಿದ್ದೂ ಇತ್ತು.

ಅಮ್ಮಿ ಒಪ್ಪಲಿಲ್ಲ. "ಪೆಹ್ಲೇ ಮೇರೇ ಭಾಯಿಕೋ ದಿಖಾವೋ" ಎಂದು ತರೀಕೆರೆಗೆ ಫೋನ್ ಮಾಡಿದರು. ಅಲ್ಲಿ ನನ್ನ ಮಾಮು ಟಿವಿ ರಿಪೇರಿ ಮಾಡುತ್ತಾರೆ. ಡಬ್ಬಿಯಂಥ ಹಳೆಯ ಟಿವಿಗಳ ಕಾಲದಿಂದ ಅದೇ ಅಂಗಡಿ. ಈಗ ಮಿಕ್ಸಿ, ಚಾರ್ಜರ್, ಅಡಿಕೆ ತೋಟದವರ ಪಂಪ್‌ಸೆಟ್ಟಿನ ಸ್ಟಾರ್ಟರ್, ಕಂಪ್ಯೂಟರ್, ಎಲ್ಲವೂ ಬರುತ್ತವೆ. ಮರುದಿನವೇ ಹೊರಟೆವು. ಈರುಳ್ಳಿ ಬಿತ್ತನೆಗೆ ಹದ ಮಾಡಿದ ಕಪ್ಪು ಹೊಲಗಳು ಮುಗಿದು ಅಡಿಕೆ ತೋಟಗಳು ಶುರುವಾದವು. ನನ್ನ ಕಣ್ಣು ಮಾತ್ರ ತೊಡೆಯ ಮೇಲಿನ ಸಿಪಿಯು ಮೇಲೇ ಇತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಒಳಗಿಂದ ಸದ್ದು ಬರುತ್ತದೇನೋ ಎಂದು ಕಿವಿಗೊಡುತ್ತಿದ್ದೆ. ಬರಲಿಲ್ಲ.

ಮಾಮು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರನ್ನು ನನ್ನ ಕೈಗೆ ಕೊಟ್ಟರು. "ನಿಮ್ಮ ಅಂಗಡಿಯದು, ನೀನೇ ನೋಡು. ನಾನು ಹೇಳುತ್ತೇನೆ, ನೀನು ಬರೆದುಕೋ." ಅಬ್ಬಾ ಹೊರಗೆ ಬೆಂಚಿನ ಮೇಲೆ ಚಹಾ ಹಿಡಿದು ಕೂತರು.

ಮೊದಲು ಮಾಮು ಸಿಡಿಲಿನ ವಿಚಾರಣೆ ಮಾಡಿದರು. ಅದೇ ಲೈನಿನಲ್ಲಿದ್ದ ಝೆರಾಕ್ಸ್ ಮಷಿನ್ ಸರಿ ಇದೆಯಾ? ಇದೆ. ಇಂಟರ್‌ನೆಟ್ ಮೋಡೆಮ್? ಅದೂ ಸರಿ. ಬಲ್ಬು, ಫ್ಯಾನ್? ಎಲ್ಲವೂ ಸರಿ. "ಸಿಡಿಲು ಬಂದರೆ ಮೊದಲು ಮೋಡೆಮ್ಮನ್ನೇ ಹಿಡಿಯುತ್ತೆ. ಎಲ್ಲರನ್ನೂ ಬಿಟ್ಟು ಇದೊಂದನ್ನೇ ಹುಡುಕಿಕೊಂಡು ಬಂತಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

"ಇನ್ನು ಗೋಡೆಯಿಂದ ಶುರು ಮಾಡು. ಒಂದೊಂದೇ ಹೆಜ್ಜೆ ಒಳಗೆ ಬಾ. ಯಾವುದನ್ನೂ ಊಹೆ ಮಾಡಬೇಡ, ಸರಿ ಇದ್ದದ್ದನ್ನು ಸರಿ ಎಂದು ಬರೆದು ಮುಂದೆ ಹೋಗು."

ಗೋಡೆಯ ಸಾಕೆಟ್: 228 ವೋಲ್ಟ್, ಸರಿ. ಕೇಬಲ್ ಬದಲಿಸಿ ನೋಡಿದೆವು, ಸರಿ. ಆಮೇಲೆ ಎಸ್‌ಎಂಪಿಎಸ್, ಅಂದರೆ ಕರೆಂಟನ್ನು ಸಣ್ಣ ವೋಲ್ಟೇಜುಗಳಿಗೆ ಇಳಿಸುವ ತಗಡಿನ ಪೆಟ್ಟಿಗೆ. ಅದನ್ನು ಮಾತ್ರ ಯಾವತ್ತೂ ಬಿಚ್ಚಬಾರದು ಎಂದು ಮಾಮು ಎಚ್ಚರಿಸಿದರು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್ ಸ್ವಲ್ಪ ಹೊತ್ತು 300 ವೋಲ್ಟಿಗೂ ಹೆಚ್ಚು ಹಿಡಿದಿಟ್ಟುಕೊಂಡಿರಬಹುದು. ಪರೀಕ್ಷಿಸುವುದು ಹೊರಗೆ ಬಂದ ತಂತಿಗಳಲ್ಲಿ.

ಇಲ್ಲಿ ನನಗೊಂದು ಹೊಸ ವಿಷಯ ತಿಳಿಯಿತು. ಕಂಪ್ಯೂಟರಿನ ಮುಂದಿನ ಗುಂಡಿ ನಮ್ಮ ಮನೆಯ ಲೈಟಿನ ಸ್ವಿಚ್ಚಿನಂತೆ ಕರೆಂಟನ್ನು ನೇರವಾಗಿ ಹಾಯಿಸುವುದಿಲ್ಲ. 1995ರಲ್ಲಿ ಇಂಟೆಲ್ ಕಂಪನಿ ತಂದ ಎಟಿಎಕ್ಸ್ ಎನ್ನುವ ಮಾದರಿಯಲ್ಲಿ, ಗೋಡೆಯ ಸ್ವಿಚ್ ಹಾಕಿದ್ದರೆ ಸಾಕು, ನೇರಳೆ ತಂತಿಯಲ್ಲಿ 5 ವೋಲ್ಟ್ ಸದಾ ಎಚ್ಚರವಾಗಿರುತ್ತದೆ. ಗುಂಡಿ ಒತ್ತುವುದು ಮದರ್‌ಬೋರ್ಡಿಗೆ ಒಂದು ಅರ್ಜಿ ಕೊಟ್ಟಂತೆ. ಬೋರ್ಡು ಒಪ್ಪಿ ಹಸಿರು ತಂತಿಯನ್ನು ಕಪ್ಪು ತಂತಿಗೆ, ಅಂದರೆ ಗ್ರೌಂಡಿಗೆ, ಸೇರಿಸುತ್ತದೆ. ಆಗ ಎಸ್‌ಎಂಪಿಎಸ್ ಉಳಿದ ವೋಲ್ಟೇಜುಗಳನ್ನು ಬಿಡುತ್ತದೆ.

ಹಾಗಾಗಿ ಬೋರ್ಡಿನಿಂದ 24 ಪಿನ್ನಿನ ಕನೆಕ್ಟರ್ ಕಳಚಿ, ಹಸಿರಿಗೂ ಕಪ್ಪಿಗೂ ಒಂದು ತುಂಡು ತಂತಿ ಸಿಕ್ಕಿಸಿದರೆ ಎಸ್‌ಎಂಪಿಎಸ್ ಒಂದನ್ನೇ ಓಡಿಸಿ ನೋಡಬಹುದು. ನಾನು ನನ್ನ ಹೇರ್‌ಪಿನ್ ತೆಗೆದುಕೊಟ್ಟೆ. "ಅದಕ್ಕೆ ಬಣ್ಣ ಬಳಿದಿದ್ದಾರೆ ಬೇಟಾ, ಕರೆಂಟ್ ಹಾಯಲ್ಲ" ಎಂದು ಮಾಮು ಬೇರೆ ತಂತಿ ಹಾಕಿದರು. ಸುಮ್ಮನೆ ಓಡಿಸಿದರೆ ಸಾಲದು, ಸ್ವಲ್ಪ ಭಾರ ಇರಬೇಕೆಂದು ಹಳೆಯದೊಂದು ಡಿವಿಡಿ ಡ್ರೈವ್ ಸಿಕ್ಕಿಸಿದರು. ಫ್ಯಾನ್ ಗಿರ್ರನೆ ತಿರುಗಿತು. ಹಳದಿ ತಂತಿ 12.1, ಕೆಂಪು 5.04, ಕೇಸರಿ 3.3, ನೇರಳೆ 5.02. ಶೇಕಡ 5ರಷ್ಟು ಆಚೀಚೆ ಇದ್ದರೆ ತೊಂದರೆಯಿಲ್ಲವಂತೆ. ಎಸ್‌ಎಂಪಿಎಸ್ ಸರಿ.

ಮುಂದೆ ಗುಂಡಿಯ ಸರದಿ. ಗುಂಡಿಯ ತಂತಿ ಕಿತ್ತು, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣ ಮುಟ್ಟಿಸಿದರು. ಮತ್ತೆ ಅರ್ಧ ಸುತ್ತು. ಅಂದರೆ ಗುಂಡಿಯ ತಪ್ಪಲ್ಲ. ನಾಣ್ಯದಂಥ ಬ್ಯಾಟರಿ 2.9 ವೋಲ್ಟ್, ಅದನ್ನು ತೆಗೆದು ಹಾಕಿದರೂ ಬದಲಾವಣೆ ಇಲ್ಲ. ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಟಾರ್ಚ್ ಹಾಕಿ ನೋಡಿದೆವು. ಎಲ್ಲವೂ ಚಪ್ಪಟೆ. "2000ದ ಆಚೀಚೆ ತಯಾರಾದ ಬೋರ್ಡುಗಳಲ್ಲಿ ಇವೇ ಕೆಡುತ್ತಿದ್ದವು. ಇವನ್ನು ಬದಲಿಸಿ ಬದಲಿಸಿಯೇ ನಾನು ಮನೆಗೆ ಆರ್‌ಸಿಸಿ ಹಾಕಿಸಿದ್ದು" ಎಂದರು ಮಾಮು. ಹಾರ್ಡ್ ಡಿಸ್ಕ್, ರ‍್ಯಾಮ್, ಎಲ್ಲವನ್ನೂ ಕಿತ್ತು ಬರೀ ಬೋರ್ಡು, ಪ್ರೊಸೆಸರ್ ಮಾತ್ರ ಉಳಿಸಿದೆವು. ಮತ್ತೆ ಅರ್ಧ ಸುತ್ತು.

ನನ್ನ ನೋಟ್‌ಬುಕ್ಕಿನಲ್ಲಿ ಸರಿ, ಸರಿ, ಸರಿ ಎಂಬ ಸಾಲು ಉದ್ದವಾಗುತ್ತಿತ್ತು. ಬೇರೆ ಸಮಯದಲ್ಲಾದರೆ ಖುಷಿಯಾಗುತ್ತಿತ್ತು. ಅಂದು ಒಂದೊಂದು ಸರಿ ಬರೆದಾಗಲೂ ನನ್ನ ಸುಳ್ಳು ಅಡಗಿಕೊಳ್ಳುವ ಜಾಗ ಅಷ್ಟಷ್ಟು ಕಡಿಮೆಯಾಗುತ್ತಿತ್ತು.

ಮಾಮು ಎಲ್ಲ ಪ್ಲಗ್ ತೆಗೆಸಿ ಮಲ್ಟಿಮೀಟರನ್ನು ಬೀಪ್ ಕಡೆಗೆ ತಿರುಗಿಸಿದರು. "ಈಗ ಬೋರ್ಡಿನ ಮೇಲೆ ಹಳದಿ ತಂತಿ ಬರುವ ಜಾಗಕ್ಕೂ ಗ್ರೌಂಡಿಗೂ ಇಡು. ಬೀಪ್ ಬರಬಾರದು." ಇಟ್ಟೆ. ಬೀಪ್ ಎಂದು ಒಂದೇ ಸಮನೆ ಕೂಗಿತು. 12 ವೋಲ್ಟಿನ ದಾರಿ ನೇರವಾಗಿ ಗ್ರೌಂಡಿಗೆ ಕೂಡಿಕೊಂಡಿತ್ತು. ಗುಂಡಿ ಒತ್ತಿದಾಗ ಎಸ್‌ಎಂಪಿಎಸ್ ಕರೆಂಟ್ ಬಿಡುತ್ತಿತ್ತು, ಶಾರ್ಟ್ ಆಗಿರುವುದು ಗೊತ್ತಾದ ಕೂಡಲೇ ತನ್ನ ರಕ್ಷಣೆಗೆ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆ ಅರ್ಧ ಸುತ್ತಿನ ಗುಟ್ಟು ಇದು. ಕೆಟ್ಟದ್ದೆಂದು ನಾವು ಬೈದ ಪೆಟ್ಟಿಗೆ ನಮ್ಮ ಅಂಗಡಿಯನ್ನು ಬೆಂಕಿಯಿಂದ ಕಾಯುತ್ತಿತ್ತು.

"ಶಾರ್ಟ್ ಎರಡು ಥರ ಇರುತ್ತೆ" ಎಂದರು ಮಾಮು. "ಬೋರ್ಡಿನ ಭಾಗವೇ ಸುಟ್ಟಿರಬಹುದು. ಇಲ್ಲಾ, ಹೊರಗಿನ ಏನೋ ತಾಗಿರಬಹುದು." ಆಮೇಲೆ ನನ್ನನ್ನೇ ನೋಡಿ ಕೇಳಿದರು, "ಸಚ್ ಬೋಲ್ ಬೇಟಾ. ಹಾರ್ಡ್ ಡಿಸ್ಕಿಗೆ ಮೂರೇ ಸ್ಕ್ರೂ ಇದೆಯಲ್ಲ. ನಾಲ್ಕನೆಯದು ಎಲ್ಲಿ? ಡರ್ ನಕ್ಕೋ."

ಹೇಳಿದೆ. ಬ್ರಷ್, ಜುಮಾ, ಸ್ಕ್ರೂ, ಟೇಬಲ್, ಕಡೂರಿನಲ್ಲಿ ತಲೆಯಾಡಿಸಿದ್ದು, ಎಲ್ಲವನ್ನೂ. ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರು ಸ್ಕ್ರೂಡ್ರೈವರ್ ಕೊಟ್ಟು, "ಹಾಗಾದರೆ ಇಷ್ಟು ಹೊತ್ತು ಸುಮ್ಮನೆ ಕೂತೆವು. ಬೋರ್ಡನ್ನು ಮೇಲೆತ್ತು" ಎಂದರು.

ಬೋರ್ಡಿನ ಸ್ಕ್ರೂಗಳನ್ನು ಬಿಚ್ಚಿ ಎತ್ತಿದೆ. ಟಣ್ ಎಂದು ಒಂದು ಸದ್ದು. ನನ್ನ ಸ್ಕ್ರೂ. ಬೋರ್ಡಿನ ಬೆನ್ನಿಗೂ ಡಬ್ಬಿಯ ತಗಡಿಗೂ ನಡುವೆ, 24 ಪಿನ್ನಿನ ಸಾಕೆಟ್ಟಿನ ಬೆನ್ನ ಹಿಂದೆ ಸಿಕ್ಕಿಕೊಂಡಿತ್ತು. ಟೇಬಲ್ ಎಳೆದಾಗ ಜಾರಿ ಅಲ್ಲಿಗೆ ಬಂದಿರಬೇಕು. ಅದು ತಾಗಿದ ಬೆಸುಗೆಯ ಮೇಲೆ ಸಾಸಿವೆಯಷ್ಟು ಕಪ್ಪು ಗುರುತು. ಮತ್ತೆ ಮಲ್ಟಿಮೀಟರ್ ಇಟ್ಟೆ. ಬೀಪ್ ಇಲ್ಲ. ಬೋರ್ಡನ್ನು ರಟ್ಟಿನ ಡಬ್ಬದ ಮೇಲೆ ಮಲಗಿಸಿ, ರ‍್ಯಾಮ್ ಹಾಕಿ, ಪಿನ್ನುಗಳನ್ನು ಮುಟ್ಟಿಸಿದೆವು. ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು. ಟುಯ್ಯೆಂದು ಒಂದು ಸದ್ದು, ಪರದೆಯ ಮೇಲೆ ಬಿಳಿ ಅಕ್ಷರಗಳು. ಬ್ಯಾಟರಿ ತೆಗೆದಿದ್ದರಿಂದ ಗಡಿಯಾರ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಹಾರ್ಡ್ ಡಿಸ್ಕ್ ಸಿಕ್ಕಿಸಿದ ಮೇಲೆ ಉದ್ರಿ ಲೆಕ್ಕವೂ ಸಿಕ್ಕಿತು. ಬೋರ್ಡ್ ಪೂರ್ತಿ ಸುಟ್ಟಿದ್ದರೂ ಲೆಕ್ಕ ಬೇರೆ ಡಬ್ಬಿಯಲ್ಲಿ ಉಳಿದಿರುತ್ತಿತ್ತೆಂದು ಮಾಮು ಆಗ ಹೇಳಿದರು. ಮೂರು ರಾತ್ರಿ ಮುಂಚೆ ಯಾರನ್ನಾದರೂ ಕೇಳಿದ್ದರೆ ನನಗೆ ಅಷ್ಟಾದರೂ ನಿದ್ದೆ ಬರುತ್ತಿತ್ತು.

ಅಬ್ಬಾ ಹೊರಗಿನಿಂದ ಓಡಿ ಬಂದು, "ಏನಾಗಿತ್ತು?" ಎಂದು ಕೇಳಿದರು. ಮಾಮು ನನ್ನ ಕಡೆ ನೋಡಿ, "ಅವಳು ಹೇಳುತ್ತಾಳೆ" ಎಂದಷ್ಟೇ ಹೇಳಿ ಬೆಸುಗೆ ಕಡ್ಡಿ ಕೈಗೆತ್ತಿಕೊಂಡರು. ಬೋರ್ಡನ್ನು ಅವರು ಸರಿ ಮಾಡಿಕೊಟ್ಟಿದ್ದರು. ಉಳಿದದ್ದು ನನ್ನ ಕೆಲಸ. ನಾನು ಹೇಳಿದ್ದು ಬಸ್ಸಿನಲ್ಲಿ, ಅರ್ಧ ದಾರಿ ಕಳೆದ ಮೇಲೆ. ಅಬ್ಬಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಸ್ಕ್ರೂ ಬಿದ್ದದ್ದಕ್ಕೆ ನಾನು ಬೈಯುತ್ತಿದ್ದೆ ಎಂದುಕೊಂಡೆಯಾ?" ನಾನು ಹೌದೆಂದೆ. "ಬೈಯುತ್ತಿದ್ದೆ" ಎಂದರು. "ಎರಡು ನಿಮಿಷ."

ಪ್ರಥಮ ಪಿಯುಸಿಯಲ್ಲಿ ನಾವೆಲ್ಲ ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ ಓದಿದ್ದೇವೆ. ಎರಡು ಬದಿ ಕೂಡದಿದ್ದರೆ ವ್ಯತ್ಯಾಸ ಹುಡುಕುವ ದಾರಿಗಳಿವೆ. ಎರಡರಿಂದ ಭಾಗಿಸಿ ನೋಡುತ್ತೇವೆ. ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದೆ ಮುಂದೆ ಆಗಿರಬಹುದು ಎನ್ನುತ್ತೇವೆ. ಮಾಮು ಮಾಡಿದ್ದೂ ಇದನ್ನೇ, ಗೋಡೆಯಿಂದ ಒಂದೊಂದೇ ಖಾತೆಯನ್ನು ತಾಳೆ ನೋಡಿದರು. ಆದರೆ ಮೇಡಂ ಇನ್ನೊಂದು ಮಾತೂ ಹೇಳಿದ್ದರು. ವ್ಯವಹಾರವನ್ನು ಪುಸ್ತಕದಲ್ಲಿ ಬರೆಯದೆ ಪೂರ್ತಿಯಾಗಿ ಬಿಟ್ಟಿದ್ದರೆ ಆ ತಪ್ಪನ್ನು ತಾಳೆಪಟ್ಟಿ ತೋರಿಸುವುದಿಲ್ಲ. ಎರಡೂ ಬದಿ ಚೆನ್ನಾಗಿಯೇ ಕೂಡುತ್ತವೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೆ, ಅರ್ಥವಾದದ್ದು ತರೀಕೆರೆಯಲ್ಲಿ. ನಾನು ಕಡೂರಿನಲ್ಲಿ ತಲೆಯಾಡಿಸಿದ ಮೇಲೆ ಸಿಡಿಲಿನ ಕಥೆ ಎಷ್ಟು ಚೆನ್ನಾಗಿ ತಾಳೆಯಾಗಿತ್ತು! ಅದರ ಬೆಲೆ ಮಾತ್ರ ಒಂಬತ್ತು ಸಾವಿರ.

ಕಾಲೇಜು ಶುರುವಾದ ಮೇಲೆ ನಮ್ಮ ಕಂಪ್ಯೂಟರ್ ಸರ್‌ಗೆ ಈ ಕಥೆ ಹೇಳಿದೆ. ಅವರು ಇನ್ನೊಂದು ಹೇಳಿದರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಕೋಣೆಗಾತ್ರದ ಕಂಪ್ಯೂಟರ್ ಕೈಕೊಟ್ಟಿತಂತೆ. ಹುಡುಕುತ್ತಾ ಹೋದವರಿಗೆ ಒಂದು ರಿಲೇಯಲ್ಲಿ ಸಿಕ್ಕಿಬಿದ್ದ ಪತಂಗ ಸಿಕ್ಕಿತು. ಅವರು ಅದನ್ನು ಗುಡಿಸಿ ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಟೇಪ್ ಹಾಕಿ ಅಂಟಿಸಿ, ಎಷ್ಟು ಗಂಟೆಗೆ ಎಲ್ಲಿ ಸಿಕ್ಕಿತೆಂದು ಬರೆದಿಟ್ಟರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆ ಮುಂದೆ ಈ ಕಥೆಯನ್ನು ಎಲ್ಲರಿಗೂ ಹೇಳಿ ಪ್ರಸಿದ್ಧಗೊಳಿಸಿದರು. ಪತಂಗವಿರುವ ಆ ಪುಟ ಈಗ ಅಮೆರಿಕದ ಮ್ಯೂಸಿಯಂನಲ್ಲಿದೆ. ಇಷ್ಟು ವರ್ಷವಾದ ಮೇಲೂ ಏನಾಗಿತ್ತೆಂದು ನಮಗೆ ಗೊತ್ತಿರುವುದು ಯಾರೋ ಮುಚ್ಚಿಡದೆ ಬರೆದಿಟ್ಟಿದ್ದರಿಂದ.

ಅಕೌಂಟೆನ್ಸಿಯಲ್ಲೂ ರಬ್ಬರ್ ಹಾಕಿ ಅಳಿಸುವಂತಿಲ್ಲ. ತಪ್ಪು ಹಾಗೇ ಇರುತ್ತದೆ, ಅದನ್ನು ತಿದ್ದುವ ಇನ್ನೊಂದು ದಾಖಲೆ ಬರೆದು ಕೆಳಗೆ ವಿವರಣೆ ಕೊಡಬೇಕು. ನಮ್ಮ ಅಬ್ಬಾ ಓದಿದ್ದು ಏಳನೇ ತರಗತಿ. ಜರ್ನಲ್ ಎಂದರೆ ಅವರಿಗೆ ಗೊತ್ತಿಲ್ಲ. ಆದರೂ ಬಕ್ರೀದ್ ಮುಗಿದ ವಾರ ಉದ್ರಿ ಫೈಲ್ ತೆರೆದಾಗ ಅದರಲ್ಲಿ ಹೊಸದೊಂದು ಸಾಲು ಇತ್ತು. ನನ್ನ ಹೆಸರು. ಕಡೂರಿನ ತಪಾಸಣೆ 150, ಬಸ್ ಚಾರ್ಜ್ 90, ಒಟ್ಟು 240. ಶಕ್ತಿ ಯೋಜನೆಯಲ್ಲಿ ನನ್ನ ಟಿಕೆಟ್ ಉಚಿತ, ಹಾಗಾಗಿ ಅಬ್ಬಾ ತಮ್ಮ ಚಾರ್ಜ್ ಮಾತ್ರ ಹಾಕಿದ್ದರು. ತರೀಕೆರೆಯ ಖರ್ಚನ್ನು ಬಿಟ್ಟಿದ್ದರು. ವಿವರದ ಅಂಕಣದಲ್ಲಿ ಒಂದೊಂದೇ ಅಕ್ಷರ ಹುಡುಕಿ ಕನ್ನಡದಲ್ಲಿ ಟೈಪ್ ಮಾಡಿದ್ದರು: ಒಂದು ಸ್ಕ್ರೂ ಬಾಬ್ತು.

ಪ್ರತಿ ಭಾನುವಾರ ಅಂಗಡಿಯಲ್ಲಿ ಕೂತರೆ 20 ರೂಪಾಯಿ ಜಮಾ ಆಗುತ್ತದೆ. ಶುಕ್ರವಾರ ಸಂಜೆ ಫೈಲನ್ನು ಪೆನ್ ಡ್ರೈವ್‌ಗೆ ಹಾಕುವುದು ಉಚಿತ ಸೇವೆ. ಇದನ್ನು ಬರೆಯುವ ಹೊತ್ತಿಗೆ ಏಳು ಭಾನುವಾರ ಆಗಿದೆ. ಇನ್ನೂ 100 ರೂಪಾಯಿ ಬಾಕಿ ಇದೆ.